ಮುಟ್ಟದೆ ಬಿಟ್ಟ ಕೇಸರಿಬಾತ್

ಕಿರಣ್‌ಕುಮಾರ್ ಕೇಸರಿಬಾತಿನ ತಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಸರಿಸಿದ್ದು ಮೆಲ್ಲಗೇ ಆದರೂ ಚನ್ನಮಲ್ಲಪ್ಪನವರ ಹಜಾರದಲ್ಲಿ ಅದನ್ನು ಕಾಣದವರು ಯಾರೂ ಉಳಿಯಲಿಲ್ಲ.

ಶನಿವಾರಸಂತೆ ಹತ್ತಿರದ ಆ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಹೆಣ್ಣು ತಂದಿಟ್ಟ ಸಿಹಿಯನ್ನು ಗಂಡು ಒಂದು ಚಮಚವಾದರೂ ಬಾಯಿಗೆ ಹಾಕಿದರೆ ಮಾತು ಮುಂದುವರಿಸಬಹುದು, ಮುಟ್ಟದಿದ್ದರೆ ಒಪ್ಪಿಗೆಯಿಲ್ಲ ಎಂದು ಅರ್ಥ. ಬಂದವರಿಗೆ ಇದನ್ನು ಯಾರೂ ಹೇಳುತ್ತಿರಲಿಲ್ಲ. ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದೇ ಆ ಮನೆಯವರು ತಿಳಿದಿದ್ದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಚಂದನಾ ಆ ತಟ್ಟೆಯಿಂದ ಕಣ್ಣು ಕೀಳಲಿಲ್ಲ. ಅವಳಿಗೆ ಅವನು ಇಷ್ಟವಾಗಿದ್ದ. ಇದಕ್ಕೆ ಮುಂಚೆ ಬಂದವರೆಲ್ಲ ದರ್ಜಿಯ ಹಾಗೆ ಅವಳ ಭುಜದಿಂದ ಸೊಂಟದವರೆಗೆ ಕಣ್ಣಲ್ಲೇ ಅಳತೆ ತೆಗೆದಿದ್ದರು. ಇವನು ಮುಖ ನೋಡಿದ್ದ. ಅವಳ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಾಗ ತುಟಿ ಕಚ್ಚಿ ನಗು ತಡೆಯಲು ಯತ್ನಿಸಿದ್ದ. ಅವಳೂ ಯತ್ನಿಸಿದ್ದಳು, ಇಬ್ಬರಿಗೂ ಆಗಿರಲಿಲ್ಲ.

ಬಂದವರ ಕಾರು ತಿರುವು ದಾಟುವ ಮೊದಲೇ ಚನ್ನಮಲ್ಲಪ್ಪನವರು ದಲ್ಲಾಳಿ ಧರ್ಮೇಂದ್ರನಿಗೆ ಫೋನ್ ಮಾಡಿ, ಈ ಸಂಬಂಧ ನಮಗೆ ಬೇಡ ಎಂದುಬಿಟ್ಟರು. ಅವರು ಬೇಡ ಅನ್ನುವ ಮೊದಲು ತಾವೇ ಅಂದರೆ ಮರ್ಯಾದೆ ಉಳಿಯುತ್ತದಲ್ಲ. ವಿಮಲಮ್ಮ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಮಗಳು ಸ್ವಲ್ಪ ಮೈ ಇಳಿಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಮದುವೆಯಾಗಿ ಮಗುವೂ ಇರುತ್ತಿತ್ತು ಎಂದರು. ತಾಯಿಯ ಪ್ರೀತಿಗೂ ಕೆಲವೊಮ್ಮೆ ಮುಳ್ಳಿರುತ್ತದೆ.

ಚಂದನಾ ಪೊನ್ನಂಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಕೆಲಸಕ್ಕೆ ಮರಳುವ ಬಸ್ಸಿನಲ್ಲೇ ತೀರ್ಮಾನ ಮಾಡಿದಳು. ಬೆಳಗಿನ ತಿಂಡಿ ಬಂದ್, ಮಧ್ಯಾಹ್ನ ಸೌತೆಕಾಯಿ ಮಾತ್ರ. ಸಂಜೆ ರೂಮಿಗೆ ಬಂದವಳೇ ಹಸಿವು ತಡೆಯಲಾರದೆ ತಪ್ಪಲೆಯ ಅನ್ನವನ್ನೆಲ್ಲ ಉಪ್ಪಿನಕಾಯಿಯಲ್ಲಿ ಕಲಸಿ ತಿನ್ನುತ್ತಿದ್ದಳು, ಆಮೇಲೆ ತಿಂದದ್ದಕ್ಕೆ ಅಳುತ್ತಿದ್ದಳು. ಮರುದಿನ ಮೈದಾನದಲ್ಲಿ ಯಾರ ಮೇಲೋ ಹಗೆ ತೀರಿಸಿಕೊಳ್ಳುವವಳಂತೆ ಓಡುತ್ತಿದ್ದಳು.

ಹಾಗೆ ಓಡುವಾಗಲೇ ಒಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು ಹುಲ್ಲಿನ ಮೇಲೆ ಕುಸಿದು ಕುಳಿತಳು. ನಡೆಯುತ್ತಿದ್ದ ಒಬ್ಬರು ಹತ್ತಿರ ಬಂದು, ಜೇಬಿನಿಂದ ಹುರಿಗಡಲೆ ತೆಗೆದು ಅವಳ ಅಂಗೈಗೆ ಸುರಿದರು. ತಲೆಯೆತ್ತಿದರೆ ಕಿರಣ್‌ಕುಮಾರ್. ಗೋಣಿಕೊಪ್ಪದ ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದ ಅವನು ಮನೆ ಮಾಡಿದ್ದು ಪೊನ್ನಂಪೇಟೆಯಲ್ಲೇ. ಇಬ್ಬರೂ ಒಂದೇ ಊರಲ್ಲಿದ್ದಾರೆ ಎಂಬುದೇ ಧರ್ಮೇಂದ್ರ ಈ ಸಂಬಂಧ ತರಲು ಮೊದಲ ಕಾರಣವಾಗಿತ್ತು.

"ಬೆಳಿಗ್ಗೆಯಿಂದ ಏನಾದ್ರು ತಿಂದಿದ್ದೀರಾ?"

"ನಿಮಗ್ಯಾಕೆ? ನೀವು ಬೇಡ ಅಂದಿದ್ದ ಮೈನೇ ಇಳಿಸ್ತಾ ಇದೀನಿ."

ಅವನು ಕಕ್ಕಾಬಿಕ್ಕಿಯಾದ. ಬೇಡ ಎಂದದ್ದು ನಿಮ್ಮ ತಂದೆಯವರಲ್ಲವೇ, ಆ ಸುದ್ದಿ ಕೇಳಿ ತಾನು ವಾರವಿಡೀ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ ಎಂದ. ಅವಳು ಸಿಹಿಯ ಪದ್ಧತಿ ಹೇಳಿದಳು. ಅವನ ಮುಖದ ಬಣ್ಣವೇ ಇಳಿದುಹೋಯಿತು. ಸಿಹಿ ತಿನ್ನುವ ಅಭ್ಯಾಸವಿಲ್ಲ ಎಂದಷ್ಟೇ ಹೇಳಿ ನೆಲ ನೋಡಿದ. ಇದು ನೆಪ ಎಂದು ಚಂದನಾಳಿಗೆ ಅನ್ನಿಸಿತು. ಆದರೂ ಹುರಿಗಡಲೆಯನ್ನು ಒಂದೂ ಬಿಡದೆ ತಿಂದಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅದೇ ವಾರ ಪಾಲಿಬೆಟ್ಟದ ಕಡೆಯಿಂದ ಕಾಡಾನೆಗಳು ಬಂದು ಸುತ್ತಲಿನ ತೋಟ ಸೇರಿಕೊಂಡವು. ಬೆಳಗಿನ ಹೊತ್ತು ಒಬ್ಬೊಬ್ಬರೇ ಓಡಾಡಬೇಡಿ ಎಂದು ವಾಟ್ಸಾಪ್ ಗ್ರೂಪಿನಲ್ಲಿ ದಿನವೂ ಮೆಸೇಜು. ಕಿರಣ್ ಅವಳ ರೂಮಿನ ಬೀದಿಯ ತುದಿಯಲ್ಲಿ ಬಂದು ನಿಲ್ಲತೊಡಗಿದ. ಆನೆ ಬಂದರೆ ಇವನೇನು ಮಾಡುತ್ತಿದ್ದನೋ ದೇವರಿಗೇ ಗೊತ್ತು. ಚಂದನಾ ಮಾತ್ರ ಜೊತೆ ಬೇಡ ಎನ್ನಲಿಲ್ಲ.

ನಡೆಯುತ್ತ ಅವನು ಊಟದ ಮಾತೇ ಆಡುತ್ತಿದ್ದ. ತಿಂಡಿ ಬಿಡಬೇಡಿ, ಎರಡು ಅಕ್ಕಿರೊಟ್ಟಿ ತಿನ್ನಿ, ಆದರೆ ರೊಟ್ಟಿಗಿಂತ ಪಲ್ಯ ಜಾಸ್ತಿ ಇರಲಿ. ಹುರುಳಿಕಾಳು ಮೊಳಕೆ ಕಟ್ಟಿ. ಕಾಫಿಗೆ ಸಕ್ಕರೆ ದಿನಕ್ಕಿಷ್ಟು ಕಡಿಮೆ ಮಾಡುತ್ತ ಬನ್ನಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಓಡಬೇಡಿ, ಜೋರಾಗಿ ನಡೆಯಿರಿ, ಊಟದ ಮೇಲೂ ಒಂದಿಷ್ಟು ನಡೆಯಿರಿ.

"ಪ್ರೇಮಿಗಳು ಹಿಂಗೆ ಮಾತಾಡಲ್ಲ ಕಣ್ರೀ," ಎಂದಳು ಒಂದು ದಿನ, ಬಾಯಿತಪ್ಪಿ.

ಅವನ ಕಿವಿ ಕೆಂಪಾಯಿತು. ಅವಳು ದಾರಿಬದಿಯ ಕಾಫಿಗಿಡಗಳನ್ನು ಎಂದೂ ನೋಡದವಳಂತೆ ನೋಡತೊಡಗಿದಳು. ಒಂದು ಫರ್ಲಾಂಗು ನಡೆಯುವಷ್ಟರಲ್ಲಿ ಅವನು ಓರೆಗಣ್ಣಲ್ಲಿ ನೋಡಿದ್ದನ್ನು ಅವಳು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ.

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಚಂದನಾಳ ಚೂಡಿದಾರ್ ಭುಜದಲ್ಲಿ ತುಸು ಸಡಿಲವಾಗಿತ್ತು. ಸಣ್ಣಗಾದಳು ಎನ್ನುವಂತಿರಲಿಲ್ಲ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಸಂಜೆ ಅಳುವಿಲ್ಲ. ತಟ್ಟೆಯೆದುರು ಹೆದರದೆ ಕುಳಿತುಕೊಳ್ಳುವುದು ಅವಳಿಗೆ ಬಾಲ್ಯ ಕಳೆದ ಮೇಲೆ ಇದೇ ಮೊದಲು.

ಆಗ ಮಡಿಕೇರಿಯಿಂದ ಇನ್ನೊಂದು ಸಂಬಂಧ ಬಂತು. ಭಾನುವಾರ ಊರಿಗೆ ಬಾ ಎಂದು ಅಪ್ಪನ ಫೋನು. ಮರುದಿನ ಬೆಳಿಗ್ಗೆ ನಡೆಯುವಾಗ ಅವಳು ಕಿರಣ್‌ನನ್ನು ನೇರವಾಗಿ ಕೇಳಿದಳು. ಅವತ್ತು ನಿಜವಾಗಿ ಯಾಕೆ ತಿನ್ನಲಿಲ್ಲ? ಇದಕ್ಕೆ ಉತ್ತರವಿಲ್ಲದೆ ನಾನು ಯಾರ ಎದುರೂ ತಟ್ಟೆ ಹಿಡಿದು ಹೋಗಲಾರೆ ಎಂದಳು.

ಕಿರಣ್ ನಡಿಗೆ ನಿಲ್ಲಿಸಿದ.

"ನಂಗೆ ಶುಗರ್ ಬಾರ್ಡರಲ್ಲಿದೆ. ನಮ್ಮಪ್ಪ ಅದರಲ್ಲೇ ಹೋದ್ರು, ಕೊನೆಗೆ ಒಂದು ಕಾಲೂ ಇರ್ಲಿಲ್ಲ. ಈಗಿಂದ ತೂಕ ಇಳಿಸಿದ್ರೆ ಮಾತ್ರೆ ಇಲ್ದೆನೇ ತಡೀಬಹುದು ಅಂದ್ರು ಡಾಕ್ಟ್ರು. ಒಂದು ಮನೇಲಿ ತಿಂದ್ರೆ ಎಲ್ಲಾ ಮನೇಲೂ ತಿನ್ಬೇಕಾಗುತ್ತೆ ಅಂತ ಸಿಹಿ ಪೂರ್ತಿ ಬಿಟ್ಟೆ. ಹೆಣ್ಣಿನ ಮನೇಲಿ ಮಾತ್ರ ಹೇಳ್ಬೇಡ, ಯಾರೂ ಹೆಣ್ಣು ಕೊಡಲ್ಲ ಅಂದ್ರು ಅಮ್ಮ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪಾಪ, ಇವನು ಗಾದೆಯ ಮೊದಲರ್ಧವನ್ನಷ್ಟೇ ಕಲಿತಿದ್ದ.

ಚಂದನಾಳಿಗೆ ಶುಗರ್ ಎಂದರೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. "ನಾನು ಉಪವಾಸ ಬಿದ್ದು ತಲೆ ಸುತ್ತಿ ಬಿದ್ದಿದ್ದನ್ನ ನೀವೇ ಕಣ್ಣಾರೆ ನೋಡಿದ್ರಿ. ಆಗ್ಲಾದ್ರು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀವೂ ಹೋಗ್ತೀರಿ ಅಂತ ಭಯ ಆಯ್ತು," ಎಂದ. "ತಪ್ಪು ನಂದೇ. ಈಗ ನೀವು ಹೋದ್ರೂ ನಾನು ಬೇಜಾರು ಮಾಡ್ಕೊಳಲ್ಲ ಅಂತ ಹೇಳ್ಬೇಕು. ಆದ್ರೆ ಮಾಡ್ಕೋತೀನಿ."

ಅವಳು ತಿರುಗಿ ನೋಡದೆ ಹೋದಳು. ಮರುದಿನ ನಡೆಯಲು ಬರಲಿಲ್ಲ. ಅವನು ಮಾತ್ರ ಅದೇ ಬೀದಿಯ ತುದಿಯಲ್ಲಿ ಕಾದು ಕಾದು ಕೆಲಸಕ್ಕೆ ಹೋದ. ಅವಳು ಕಿಟಕಿಯಿಂದ ನೋಡಿದಳು. ತನ್ನ ಮೈಯ ಬಗ್ಗೆ ನಾಚಿಕೊಂಡು ಬದುಕುವ ಕಷ್ಟ ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಅವನೂ ಅದೇ ನಾಚಿಕೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಎಂದು ಹೊಳೆದಾಗ ಅವಳ ಸಿಟ್ಟು ಕರಗಿತು.

ಶನಿವಾರ ಬೆಳಿಗ್ಗೆ ಇಳಿದು ಬಂದವಳೇ ಅವನ ಪಕ್ಕದಲ್ಲಿ ನಿಂತು ಅಪ್ಪನಿಗೆ ಫೋನ್ ಹಚ್ಚಿದಳು. ನಡೆದದ್ದೆಲ್ಲ ಹೇಳಿದಳು. ಸ್ಪೀಕರಿನಲ್ಲಿ ಚನ್ನಮಲ್ಲಪ್ಪನವರ ದನಿ ಗಡುಸಾಗಿತ್ತು.

"ಗೊತ್ತಿದ್ದೂ ಗೊತ್ತಿದ್ದೂ ಶುಗರ್ ಇರೋ ಮನೆಗೆ ಮಗಳನ್ನ ಕೊಡು ಅಂತೀಯಾ?"

"ಅಪ್ಪಾಜಿ, ನನ್ನ ದಪ್ಪ ಅಂತ ಬಿಟ್ಟೋದೋರೆಲ್ಲ ನಮ್ಮನೇಲಿ ಕೇಸರಿಬಾತ್ ತಿಂದೇ ಹೋದ್ರು. ಮುಟ್ಟದೆ ಬಿಟ್ಟೋರೊಬ್ರೇ ನನ್ನ ಮುಖ ನೋಡಿದ್ದು. ನಾನು ಸಣ್ಣ ಆಗ್ತೀನೋ ಇಲ್ವೋ ಗೊತ್ತಿಲ್ಲ. ಇವ್ರ ಜೊತೆ ಹೊಟ್ಟೆ ತುಂಬ ಊಟ ಮಾಡ್ತೀನಿ, ಅಷ್ಟು ಗೊತ್ತು."

ಆ ಕಡೆ ಹಿಂದೆಲ್ಲೋ ವಿಮಲಮ್ಮ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅಪ್ಪ, ಭಾನುವಾರದವರಿಗೆ ಬರಬೇಡಿ ಅಂತ ಹೇಳುತ್ತೇನೆ ಎಂದರು. ಜೊತೆಗೇ ಕೇಳಿದರು.

"ಅವ್ರು ಬಂದ್ರೆ ಏನ್ ತಿಂತಾರೆ, ಕೇಳು."

ಚಂದನಾ ಫೋನನ್ನು ಕಿರಣ್ ಕೈಗೆ ಕೊಟ್ಟು, ನೀವೇ ಹೇಳಿ ಎಂಬಂತೆ ನೋಡಿದಳು. ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದ.

"ಮಾವ," ಎಂದ, "ನಂಗೆ ಶುಗರ್ ಬಾರ್ಡರಲ್ಲಿದೆ. ಅವತ್ತೇ ಹೇಳ್ಬೇಕಿತ್ತು."

ಮಾವ ಎಂಬ ಮಾತು ಕಿವಿಗೆ ಬಿದ್ದಾಗ ಚಂದನಾ ಅವನ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಅವಳು ಬಿಡಲಿಲ್ಲ.