ಎರಡು ಬೆರಳಿನ ಮಾರ್ಜಿನ್

"ನನ್ನ ಮೇಜಿನಿಂದ ಕೈ ತೆಗೀರಿ."

ಅವಳು ಅವನಿಗೆ ಆಡಿದ ಮೊದಲ ಮಾತೇ ಅದು. ಆಸ್ಪತ್ರೆಯ ಪರೀಕ್ಷೆಗಳಿಗೆಂದು ಒಂದು ವಾರ ರಜೆ ಹಾಕಿ ಟೈಲರ್ ಅಂಗಡಿಗೆ ಮರಳಿದರೆ, ಅವಳ ಕಟಿಂಗ್ ಮೇಜಿನ ಮುಂದೆ ಯಾರೋ ಉದ್ದನೆಯ ಆಸಾಮಿ! ಹೊಸ ಕಟರ್ ಅಂತೆ. ಅವನು ಪಕ್ಕಕ್ಕೆ ಸರಿದ. ಸರಿದದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಬೆಳಿಗ್ಗೆ ಎದ್ದರೆ ಅವಳ ಬೆರಳುಗಳು ಬಾಗುತ್ತಿರಲಿಲ್ಲ. ತಣ್ಣೀರು ಮುಟ್ಟಿದರೆ ತುದಿಗಳು ಬಿಳಿಚಿ, ಆಮೇಲೆ ನೀಲಿಗಟ್ಟುತ್ತಿದ್ದವು. ಡಾಕ್ಟರ್ ವರದಿಗಳನ್ನು ತಿರುವಿ ತಿರುವಿ ನೋಡಿ ಹೇಳಿದ್ದು ಇಷ್ಟೇ.

"ದೇಹ ತನ್ನ ಮೇಲೆ ತಾನೇ ಯುದ್ಧ ಮಾಡ್ತಿದೆ. ಲೂಪಸ್ ಇರಬಹುದು, ಅಂಥದ್ದೇ ಇನ್ನೊಂದು ಇರಬಹುದು. ಈಗಲೇ ಹೇಳೋಕಾಗಲ್ಲ. ಆರು ತಿಂಗಳು ನೋಡೋಣ."

ನೋಡೋಣವಂತೆ... ನೋಡೋಕೆ ಇದೇನು ಸಿನಿಮಾನಾ?

ಅಮ್ಮ "ಏನೂ ಆಗಲ್ಲ ಬಿಡೇ" ಎನ್ನುತ್ತಿದ್ದಳು. ಅಕ್ಕನಿಗಂತೂ ಹೆಸರಿಲ್ಲದ ಕಾಯಿಲೆ ಕಾಯಿಲೆಯೇ ಅಲ್ಲ. ಹೊಸ ಕಟರ್ ಮಾತ್ರ ಏನೂ ಅನ್ನಲಿಲ್ಲ. ಎದುರಿನ ಮೇಜಿನಲ್ಲಿ ತನ್ನ ಪಾಡಿಗೆ ತಾನಿರುತ್ತಿದ್ದ, ಅವಳು ಬೈದಾಗ ಮಾತ್ರ ನಗುತ್ತಿದ್ದ. ಎರಡು ತಿಂಗಳಲ್ಲಿ ಆ ನಗು ಅವಳಿಗೆ ಇಷ್ಟವಾಗತೊಡಗಿತ್ತು.

ಆಗ ಒಂದು ಕೋಟು ವಾಪಸ್ ಬಂತು.

ಗಿರಾಕಿಗೆ ಬಿಗಿ. ಸಡಿಲಿಸೋಣವೆಂದು ಅಸ್ತರು ಬಿಚ್ಚಿದರೆ, ಒಳಗೆ ಕತ್ತರಿಸಿದವಳು ಅವಳೇ ಎನ್ನುವಂತೆ ಅವಳ ಚಾಕ್ ಗುರುತು, ಹೊಲಿಗೆಯಾಚೆ ಒಂದೇ ಬೆರಳಿನಷ್ಟು ಬಟ್ಟೆ. ಹದಿನಾಲ್ಕು ವರ್ಷದಲ್ಲಿ ಅವಳು ಎರಡು ಬೆರಳಿಗಿಂತ ಕಡಿಮೆ ಮಾರ್ಜಿನ್ ಬಿಟ್ಟವಳಲ್ಲ.

"ಕೈ ಕೆಟ್ಟಿತ್ತು, ಈಗ ಕಣ್ಣೂ ಕೆಡ್ತಾ?" ಎಂದರು ಅಂಗಡಿಯ ಯಜಮಾನರು. "ನಾಳೆಯಿಂದ ಗುಂಡಿ ಹೊಲೀತಾ ಇರು ತಾಯಿ. ನಿನ್ನ ಮೇಜೂ ಆ ಹೊಸ ಕಟರ್‌ಗೇ ಇರಲಿ."

ಒಂದೇ ಬೆರಳಿನ ಮಾರ್ಜಿನ್ ಬಿಡುವವನು ಆ ಅಂಗಡಿಯಲ್ಲಿ ಒಬ್ಬನೇ, ಆ ಹೊಸ ಕಟರ್. ಅವಳು ನೆಟ್ಟಗೆ ಹೋಗಿ ಅವನ ಮುಂದೆ ಕೋಟು ಎಸೆದಳು.

"ಎಷ್ಟು ದಿನದಿಂದ?"

"ಒಂದೂವರೆ ತಿಂಗಳು... ದಪ್ಪ ಬಟ್ಟೆ ಕತ್ತರಿಸಿದ ದಿನ ನಿಮ್ಮ ಕೈ ಊದ್ಕೊಳ್ತಿತ್ತು. ನೀವು ಬರೋಕೆ ಮುಂಚೆ ನಿಮ್ಮ ಪಾಲಿನ ಒಂದೆರಡು ಕೋಟು ಕತ್ತರಿಸಿ, ನಿಮ್ಮ ಗುರುತು ಹಾಕಿ ಹೊಲಿಯೋರಿಗೆ ಕಳಿಸ್ತಿದ್ದೆ."

"ನಾನು ಕೇಳಿದ್ನಾ? ಈ ಕಾಯಿಲೆ ನನ್ನಿಂದ ಇನ್ನೇನೇನು ಕಿತ್ಕೊಳ್ಳುತ್ತೋ ಯಾರಿಗೂ ಗೊತ್ತಿಲ್ಲ. ಕಟಿಂಗ್ ಒಂದು ಉಳಿದಿತ್ತು. ಅದನ್ನ ಕಾಯಿಲೆ ಕಿತ್ಕೊಳ್ಳಲಿಲ್ಲ ರೀ, ನೀವು ಕಿತ್ಕೊಂಡ್ರಿ."

ಅವನ ಮುಖ ಕಪ್ಪಿಟ್ಟಿತು. ಎದ್ದವನೇ ಎಲ್ಲರೆದುರು ಯಜಮಾನರ ಮುಂದೆ ನಿಂತ.

"ಆ ಕೋಟು ಕತ್ತರಿಸಿದ್ದು ನಾನು. ಅವರ ಗುರುತು ಹಾಕಿದ್ದೂ ನಾನೇ. ಗುಂಡಿ ನಾನು ಹೊಲೀತೀನಿ, ಮೇಜು ಅವರಿಗೆ ಕೊಡಿ."

ಯಜಮಾನರು ಅವನಿಗೆ ಹಿಗ್ಗಾಮುಗ್ಗಾ ಬೈದರು, ಆದರೆ ಮೇಜು ಅವಳಿಗೇ ಉಳಿಯಿತು.

ಸಂಜೆ ಎಲ್ಲರೂ ಹೊರಟ ಮೇಲೂ ಅವನು ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ. ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಯಾಕೆ ಹಾಗೆ ಮಾಡಿದ್ರಿ?"

"ನಿಮ್ಮನ್ನ ಕಂಡ್ರೆ ಪ್ರೀತಿ ಇತ್ತು. ಕೇಳಿ ಮಾಡೋಕೆ ಧೈರ್ಯ ಬರಲಿಲ್ಲ."

"ಇತ್ತು ಅಂದ್ರೆ?"

"...ಇದೆ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಡಾಕ್ಟರ್ ಹೇಳಿದ ಆರು ತಿಂಗಳು ಮುಗಿದ್ಮೇಲೆ ನಾನು ಹೇಗಿರ್ತೀನೋ."

"ಗೊತ್ತಿಲ್ಲ. ನನಗೂ ಭಯ ಆಗುತ್ತೆ."

ಸಮಾಧಾನದ ಸುಳ್ಳು ಹೇಳದ ಮೊದಲ ಮನುಷ್ಯ ಇವನು. ಅಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಕೈ ಚಾಚಿದ, ಮುಟ್ಟುವ ಮುನ್ನ ಅವಳ ಮುಖ ನೋಡಿದ. ಅವಳೇ ಅವನ ಅಂಗೈಯಲ್ಲಿ ತನ್ನ ತಣ್ಣನೆಯ ಬೆರಳುಗಳನ್ನಿಟ್ಟಳು.

"ಸಿಟ್ಟು ಇಳೀತಾ?"

"ಇಲ್ಲ."

"ಹಾಗಾದ್ರೆ ನಾನು ಹೊರಡ್ಲಾ?"

"ಎಲ್ಲಿಗೆ? ಕೂತ್ಕೊಳ್ಳಿ. ನಿಮಗೆ ಬೈದು ಮುಗಿಸೋಕೆ ನನಗೆ ವರ್ಷಗಟ್ಟಲೆ ಬೇಕು."