ಹುತ್ರಿದುರ್ಗದಿಂದ ಚಾಂದನಿಯನ್ನು ಇಳಿಸಿದ್ದು

ಕತ್ತಲಾಗುವುದರೊಳಗೆ ಚಾಂದನಿಯನ್ನು ಹುತ್ರಿದುರ್ಗದಿಂದ ಕೆಳಗಿಳಿಸಬೇಕಿತ್ತು. ಇಲ್ಲದಿದ್ದರೆ ಚಿರತೆಗೆ ಹಬ್ಬ. ಹೊರಟವರು ಮೂವರು: ಕುದುರೆಯ ಒಡೆಯ ಮುಜಮ್ಮಿಲ್, ಕುಣಿಗಲ್‌ನಿಂದ ಬಂದ ಪಶುವೈದ್ಯೆ ಪ್ರಮೀಳಾ, ಬೆಟ್ಟದ ಮೇಲಿನ ಮಂಟಪದ ರಿಪೇರಿ ಹಿಡಿದಿದ್ದ ಕಂಟ್ರಾಕ್ಟರ್ ಅನಂತರಾಜು.

ಚಾಂದನಿ ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ ಹೆಣ್ಣು ಕುದುರೆ. ಈಗ ಮಂಟಪಕ್ಕೆ ಮರಳು ಹೊರುತ್ತಿದ್ದಳು. ಲೋಕದ ನ್ಯಾಯವೇ ಅಷ್ಟು, ಓಡುವಾಗ ಹಾರ, ಓಟ ನಿಂತ ಮೇಲೆ ಹೇರು. ಅವತ್ತು ಬೆಳಗ್ಗೆ ಚೀಲ ಬೆನ್ನಿಗೆ ತಾಗಿದ್ದೇ ತಡ, ಚೀರಿ, ಹೇರು ಕೆಡವಿ, ಬೆಟ್ಟ ಹತ್ತಿ ಓಡಿಹೋಗಿದ್ದಳು.

ಕೋಟೆಯ ಮೊದಲ ಬಾಗಿಲು ದಾಟಿದರೆ ದಾರಿ ಕಡಿದಾದದ್ದು. ಎರಡೂ ಕಡೆ ಲಂಟಾನ ಪೊದೆ, ನಡುವೆ ಸವೆದು ನುಣುಪಾದ ಮೆಟ್ಟಿಲು. ಅದರಾಚೆ ಬರೀ ಬಂಡೆ, ಕೆಳಗೆ ದೂರದಲ್ಲಿ ರಾಗಿ ಹೊಲ, ತೆಂಗಿನ ತೋಟ. ನೋಡಲು ಬಲು ಚೆಂದ, ಜಾರಿ ಬಿದ್ದವರಿಗೆ ಚೆಂದವೇನೂ ಇಲ್ಲ.

"ಅಗೋ!" ಎಂದ ಅನಂತರಾಜು.

ಬಂಡೆಯ ಇಳಿಜಾರಿನ ತುದಿಯಲ್ಲಿ ಚಾಂದನಿ ನಿಂತಿದ್ದಳು. ಹಿಂದೆ ಪ್ರಪಾತ.

ಮುಜಮ್ಮಿಲ್ ಮೆಲ್ಲಗೆ ಹತ್ತಿರ ಹೋದ. ಅಭ್ಯಾಸಬಲ, ಬೆನ್ನು ತಟ್ಟಲು ಕೈ ಎತ್ತಿದ.

ಚಾಂದನಿ ಹಿಂದಕ್ಕೆ ಸರಿದಳು. ಗೊರಸು ಜಾರಿತು. ಕಲ್ಲುಗಳು ಉರುಳಿ ಕಣ್ಮರೆಯಾದವು.

"ಕೈ ಇಳಿಸು! ಬೆನ್ನಿಗೆ ಏನಾಗಿದೆ?" ಪ್ರಮೀಳಾ ಕೂಗಿದಳು.

"ನಿನ್ನೆ ಸ್ವಲ್ಪ ಊದಿತ್ತು ಮೇಡಂ. ಬಿಸಿ ಉಪ್ಪಿನ ಗಂಟಲ್ಲಿ ಶಾಖ ಕೊಟ್ಟೆ. ಅಮ್ಮಂಗೆ ಸೊಂಟ ಹಿಡಿದ್ರೂ ಅದೇ ಕೊಡೋದು."

"ಊದಿದ ಪೆಟ್ಟಿಗೆ ಬಿಸಿನಾ? ಒಳಗಿನ ರಕ್ತ ಇನ್ನೂ ಹರಡುತ್ತೆ ಕಣಪ್ಪ! ಮೊದಲು ತಣ್ಣೀರು, ಆಮೇಲೆ ರೆಸ್ಟು. ಬೆನ್ನಿಗೆ ಏನ್ ಹಾಕ್ತಿದ್ದೆ?"

"ತೆಂಗಿನ ನಾರಿನ ಗುಂಜು ತುಂಬಿದ ಗೋಣಿ. ಮೆತ್ತಗಿರ್ಲಿ ಅಂತ."

ಮೆತ್ತಗೆ! ಬೆವರಲ್ಲಿ ನೆನೆದು, ಭಾರಕ್ಕೆ ಗಟ್ಟಿಯಾದ ಗುಂಜು ವಾರಗಟ್ಟಲೆ ಬೆನ್ನನ್ನು ಜಜ್ಜಿತ್ತು. ಕಪ್ಪು ಕೂದಲ ಕೆಳಗೆ ರಕ್ತ ಹೆಪ್ಪುಗಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ, ಅಂಗೈ ಇಟ್ಟು ನೋಡಬೇಕು. ಊದುವ ಮೊದಲು ಇಡೀ ಕೋಟೆಯಲ್ಲಿ ಅಂಗೈ ಇಟ್ಟು ನೋಡಿದವನು ಒಬ್ಬನೂ ಇರಲಿಲ್ಲ.

ಪ್ರಮೀಳಾ ಬಂಡೆಯ ದೊಣೆಯಲ್ಲಿ ನಿಂತ ಮಳೆನೀರಿಗೆ ಟವೆಲ್ಲು ಅದ್ದಿದಳು. ಹಗ್ಗವನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿ ಅನಂತರಾಜುವಿನ ಕೈಗೆ ಕೊಟ್ಟು ಹೊಟ್ಟೆಯ ಮೇಲೆ ತೆವಳಿದಳು.

"ಬುಡಬ್ಯಾಡ ಕಣಣ್ಣ!"

"ಬುಡಲ್ಲ ಕಣವ್ವ, ನೀನ್ ಹೋಗು!"

ಕುದುರೆಯ ಪಕ್ಕ ಮೆಲ್ಲಗೆ ಎದ್ದಳು. ಒಂದು ಹೆಜ್ಜೆ. ಇನ್ನೊಂದು. ಒದ್ದೆ ಟವೆಲ್ಲು ಊತದ ಮೇಲೆ ಕೂತಿತು. ಚಾಂದನಿ ನಡುಗಿ, ನಿಂತಲ್ಲೇ ನಿಟ್ಟುಸಿರು ಬಿಟ್ಟಳು. ಪ್ರಮೀಳಾ ಮತ್ತೆ ಮತ್ತೆ ನೀರು ಹಿಂಡಿದಳು. ಕೊನೆಗೆ ಕುದುರೆಯ ತಲೆ ತಗ್ಗಿತು, ಕೊರಳ ಹಗ್ಗ ಕೈಗೆ ಸಿಕ್ಕಿತು.

ಇಳಿಯುವಾಗ ಚಾಂದನಿ ಎರಡು ಸಲ ಮುಗ್ಗರಿಸಿದಳು. ಎರಡು ಸಲವೂ ಅನಂತರಾಜು ಎದೆಯೊಡ್ಡಿ ನಿಂತ, ಮೊಣಕೈ ತರಚಿಕೊಂಡ. ಸೂರ್ಯ ಮುಳುಗುವಷ್ಟರಲ್ಲಿ ಕುದುರೆಯೂ ಸೇರಿ ನಾಲ್ವರೂ ಬೆಟ್ಟದ ಬುಡ ಮುಟ್ಟಿದರು.

"ಇನ್ನು ಹೇರು ಬೇಡ. ಊತ ಇಳಿದ್ರೂ ಬೇಡ," ಎಂದಳು ಪ್ರಮೀಳಾ.

"ಇಲ್ಲ ಮೇಡಂ. ಮನೇಲಿ ಸುಮ್ನೆ ನಿಂತ್ಕೊಂಡಿರ್ಲಿ. ನಾನಿದೀನಿ," ಎಂದ ಮುಜಮ್ಮಿಲ್.

ಅಷ್ಟರಲ್ಲಿ ಚಾಂದನಿ ಹಗ್ಗ ಜಗ್ಗಿ ಪಕ್ಕಕ್ಕೆ ತಿರುಗಿದಳು. ಅಲ್ಲಿ ಮರಳಿನ ರಾಶಿ ಇತ್ತು. ತನ್ನ ಮಾಮೂಲಿ ಜಾಗಕ್ಕೆ ಹೋಗಿ, ಯಾರೂ ಹೇಳದೆಯೇ ರಾಶಿಗೆ ಅಡ್ಡಲಾಗಿ ನಿಂತು, ಊದಿದ ಬೆನ್ನನ್ನು ಒಡ್ಡಿದಳು. ಮೈ ನಡುಗುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ.

"ಬೇಡ ಕಣೇ, ಮನೆಗೆ ನಡಿ," ಎಂದ ಮುಜಮ್ಮಿಲ್.

ಅವಳು ಹೊರಡಲಿಲ್ಲ. ಹೇರು ಹೊರಿಸಿ ಬೆನ್ನು ತಟ್ಟಿದರೆ ಮಾತ್ರ ಹೊರಡಬೇಕೆಂದು ಅವನೇ ಕಲಿಸಿದ್ದ. ತಟ್ಟಲು ಎತ್ತಿದ ಕೈಯನ್ನು ಬಾಯಿಗೆ ಒತ್ತಿಕೊಂಡು ಅವನು ಮರಳಿನ ಮೇಲೆ ಕುಸಿದು ಕೂತ.