ಕ್ರಾಂತಿಯ ಕಂಪ್ಯೂಟರ್ ಕಾದದ್ದು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಪ್ರೊಸೆಸರ್ ತೊಂಬತ್ತೆಂಟು ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕಂಪ್ಯೂಟರ್ ಮತ್ತೆ ಬಂದ್ ಆಯಿತು. ಕೊಟ್ಟೂರಿನ ನಮ್ಮ ಮನೆಯಲ್ಲಿ ಅದರಲ್ಲಿ ಗೇಮ್ ಆಡುತ್ತಿದ್ದ ತಮ್ಮ ಕ್ರಾಂತಿ ಹೋದ ತಿಂಗಳು ಜ್ವರದಿಂದ ತೀರಿಕೊಂಡ. ಆಡುವಾಗ ರೆಕಾರ್ಡ್ ಆದ ಅವನ ದನಿ ಬೇರೆಲ್ಲೂ ಇರಲಿಲ್ಲ. ಅದನ್ನು ನಕಲು ಮಾಡಿಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಕಾದು ಬಂದ್ ಆಗುತ್ತಿತ್ತು.

ಪ್ಲಗ್ ಕಿತ್ತು, ಪ್ರೊಸೆಸರ್ ಬಿಚ್ಚಿ, ಶಾಖ ಹೊರಹೋಗಲೆಂದು ಹಚ್ಚಿದ್ದ, ಈಗ ಒಣಗಿದ ಪೇಸ್ಟ್ ಒರೆಸಿ ಪತ್ರಿಕೆಯ ಮೇಲಿಟ್ಟೆ. ಒಂದು ತಾಸಾದರೂ ಅದು ತಣ್ಣಗಾಗಲಿಲ್ಲ. ಕೆಳಗಿನ ಕಾಗದ ಕಂದಿತ್ತು.

"ಇನ್ನಾ ಸುಡಾಕತ್ತೈತಿ," ಎಂದು ಅವ್ವ ಒದ್ದೆ ಅರಿವೆ ತಂದಳು.

"ಯವ್ವಾ, ನೀರು ತಾಕಿದ್ರ ಕೆಡ್ತೈತಿ."

"ದವಾಖಾನ್ಯಾಗೂ ಹಿಂಗ ಅಂದಿ. ಡಾಕ್ಟರು ಬೈತಾರ, ಅವನ ಹಣಿಮ್ಯಾಲ ಅರಿವಿ ಹಾಕಬ್ಯಾಡ ಅಂದಿ."

ನಾನು ಪತ್ರಿಕೆಯನ್ನು ಅವಳ ಕಡೆ ಸರಿಸಿದೆ. ಅವಳು ಹಾಕಿದ ಅರಿವೆ ಐದು ನಿಮಿಷಕ್ಕೆ ಒಣಗಿತು.

ಹೊಸ ಪೇಸ್ಟ್ ಹಚ್ಚಿ ಜೋಡಿಸಿದೆ. ನಕಲು ಮುಗಿಯುವವರೆಗೆ, ಎರಡು ತಾಸು, ಉಷ್ಣಾಂಶ ಮೂವತ್ತೇಳು ಡಿಗ್ರಿಯಿಂದ, ಜ್ವರವಿಲ್ಲದ ಮೈಯ ಬಿಸಿಯಿಂದ, ಕದಲಲಿಲ್ಲ.